ಶಿಬೊಲೆತ್ ಎಂಬ ತೆನೆ

ನೆಲೋಗಿಯಿಂದ ಜೇವರ್ಗಿಗೆ ಹೋಗುವ ಬೆಳಗಿನ ಬಸ್ಸು ಬಾರದೇ ಇರಬಹುದಿತ್ತು. ಬಂದರೂ ನಡುದಾರಿಯಲ್ಲಿ ಟೈರು ಪಂಕ್ಚರ್ ಆಗಬಹುದಿತ್ತು. ಭಾಷಣದ ಹಾಳೆ ಮನೆಯಲ್ಲೇ ಉಳಿದು, ನಾನು ಜೇಬಿನ ಕಿರಾಣಿ ಚೀಟಿ ತೆಗೆದು ತೊಗರಿಬೇಳೆಯಿಂದ ಶುರುಮಾಡಬಹುದಿತ್ತು. ಮೈಕು ಕಿರುಚಬಹುದಿತ್ತು, ಬಿಕ್ಕಳಿಕೆ ಹತ್ತಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ನನ್ನ ಮಾತಿಗೆ ಶಿಕ್ಷಣ ಇಲಾಖೆಯ ಸಾಹೇಬರು ಸಿಟ್ಟಾಗಿ, ಅವರ ಮೇಜಿನ ಮೇಲಿದ್ದ ನನ್ನ ವರ್ಗಾವಣೆಯ ಅರ್ಜಿ ಕಸದ ಬುಟ್ಟಿ ಸೇರಬಹುದಿತ್ತು. ಇಷ್ಟನ್ನೂ ನಾನು ಒಂದು ವಾರ ಮೊದಲೇ ಚಿಂತಿಸಿ ಮುಗಿಸಿದ್ದೆ. ಐವತ್ತರ ಹತ್ತಿರ ಬಂದವನಿಗೆ ಚಿಂತೆ ಹಲ್ಲುಜ್ಜಿದಷ್ಟೇ ಸಲೀಸು.

ಆಗ ನಾನು ನೆಲೋಗಿಯಲ್ಲಿ ಇಂಗ್ಲಿಷ್ ಮಾಸ್ತರ. ಹೆಂಡತಿ ಮಕ್ಕಳು ಅತ್ತ ಆಳಂದದ ಕಡೆ ನರೋಣಾದಲ್ಲಿ. ಇತ್ತ ನನಗೆ ಒಂಬತ್ತು ವರ್ಷದಿಂದ ಸೀಮೆಎಣ್ಣೆ ಸ್ಟೋವಿನ ಜೊತೆ ಸಂಸಾರ. ನರೋಣಾಕ್ಕೆ ವರ್ಗ ಮಾಡುವ ಸಾಹೇಬರ ಎದುರೇ, ಜೇವರ್ಗಿಯ ಶಿಕ್ಷಕರ ಸಭೆಯಲ್ಲಿ, ಒಂದು ಇಂಗ್ಲಿಷ್ ಪದದ ಕಥೆ ಹೇಳುವ ಅವಕಾಶ ಬಂದರೆ ಬಿಟ್ಟೇನೇ? ನಿಘಂಟು ಜಾಲಾಡಿ, ಯಾರೂ ಕೇಳಿರದ ಪದ ಹಿಡಿದೆ: ಶಿಬೊಲೆತ್.

ಹೀಬ್ರೂ ಭಾಷೆಯಲ್ಲಿ ಅದಕ್ಕೆ ಕಾಳಿನ ತೆನೆ ಎಂದರ್ಥ, ಸಾಧುವಾದ ಪದ. ಆದರೆ ಯಾವುದೋ ಹಳೆಯ ಯುದ್ಧದಲ್ಲಿ ಸೋತವರು ಹೊಳೆ ದಾಟಿ ಓಡುವಾಗ, ಗೆದ್ದವರು ದಂಡೆಯಲ್ಲಿ ನಿಂತು ಒಬ್ಬೊಬ್ಬರಿಂದಲೂ ಅದನ್ನು ಹೇಳಿಸಿದರಂತೆ. ನಾಲಿಗೆಗೆ ಶಕಾರ ಹೊರಳದೆ ‘ಸಿಬೊಲೆತ್’ ಎಂದವನು ವೈರಿ, ಅಲ್ಲಿಗೆ ಅವನ ಕಥೆ ಮುಗಿಯಿತು. ಆ ಕಾವಲುಗಾರರು ಅಫಜಲಪುರದ ಬಳಿ ಭೀಮೆಯ ದಂಡೆಯಲ್ಲಿ ನಿಂತಿದ್ದರೆ, ಶಾಲೆಯನ್ನು ‘ಸಾಲಿ’ ಎನ್ನುವ ನಮ್ಮ ಮಾಸ್ತರರಲ್ಲಿ ಒಬ್ಬನೂ ಪಾರಾಗುತ್ತಿರಲಿಲ್ಲ. ಇಂಗ್ಲಿಷಿಗೆ ಬರುವಷ್ಟರಲ್ಲಿ ಪದದೊಳಗಿನ ಕಾಳು ಉದುರಿ, ‘ನಮ್ಮವರನ್ನು ಗುರುತಿಸುವ ಮಾತು’ ಎಂದಾಯಿತು. ಆಮೇಲೆ ಇನ್ನೂ ಸವೆದು, ಒಂದು ಗುಂಪಿನವರು ಅರ್ಥ ಮರೆತು ಜಪಿಸುವ ಘೋಷಣೆಗೂ ಅದೇ ಹೆಸರಾಯಿತು.

ಗಂಡಾಂತರವಿದ್ದದ್ದು ಈ ಮೂರನೆಯ ಅರ್ಥದಲ್ಲಿ. ನಮ್ಮ ಸಾಹೇಬರು “ಶಿಕ್ಷಕನೇ ರಾಷ್ಟ್ರದ ಶಿಲ್ಪಿ” ಎನ್ನದೆ ನೀರು ಕುಡಿದವರಲ್ಲ. ನಾನು ಸವಕಲು ಘೋಷಣೆ ಎಂದರೆ ಸಭೆಯ ಕಣ್ಣೆಲ್ಲ ಎತ್ತ ತಿರುಗುತ್ತವೆ ಎಂದು ಹೇಳಬೇಕಿಲ್ಲ. ಕನ್ನಡ ಕಲಿಸುವ ಶರಣಪ್ಪನವರ ಸಲಹೆ ಕೇಳಿದೆ.

“ಎರಡು ಅರ್ಥ ಸಾಕಲ್ರೀ ಸರ,” ಎಂದರು. “ಮೂರನೇದ್ದು ನರೋಣಾ ಬಸ್ ಹತ್ತಿದ ಮ್ಯಾಲ ಹೇಳ್ರಿ, ಕಂಡಕ್ಟರಗ.”

ಭಾಷೆಗೆ ದ್ರೋಹ ಬಗೆಯಲು ನನಗೆ ಅರೆನಿಮಿಷವೂ ಹಿಡಿಯಲಿಲ್ಲ. ಮೂರನೆಯ ಅರ್ಥ ಹೊಡೆದುಹಾಕಿದೆ. ಖಾಲಿಯಾದ ಜಾಗ ತುಂಬಲು ಒಂದು ನಿಜವಾದ ತೆನೆಯನ್ನೇ ತೋರಿಸುವುದೆಂದು ನಾಲ್ಕು ಹೊಲ ಸುತ್ತಿ, ಹಾಲುಗಾಳು ತುಂಬಿದ ಜೋಳದ ತೆನೆಯೊಂದನ್ನು ಆರಿಸಿ, ಒದ್ದೆ ಬಟ್ಟೆಯಲ್ಲಿ ಕೂಸಿನಂತೆ ಸುತ್ತಿ ಒಯ್ದೆ.

ಸಭೆಯಲ್ಲಿ “ಇದೇ ನೋಡ್ರಿ ಶಿಬೊಲೆತ್ತಿನ ಮೂಲ” ಎಂದು ಅದನ್ನು ಸಾಹೇಬರ ಮುಂದಿಟ್ಟೆ. ಸೋತ ಸೈನಿಕರನ್ನು ನಾನು ಹೊಳೆಗೆ ಇಳಿಸುವಷ್ಟರಲ್ಲಿ, ತೂಕಡಿಸುತ್ತಿದ್ದ ಸಾಹೇಬರ ಕೈ ತೆನೆಯ ಮೇಲಿತ್ತು. ಈ ಸೀಮೆಯಲ್ಲಿ ಹುಟ್ಟಿದ ಕೈಗೆ ಎಳೆಗಾಳಿನ ತೆನೆ ಸಿಕ್ಕರೆ ಅದು ಯಜಮಾನನ ಹುದ್ದೆ ನೋಡುವುದಿಲ್ಲ. ಅಂಗೈಯಲ್ಲಿ ತಿಕ್ಕಿದರು, ಉಫ್ ಎಂದು ಊದಿದರು, ಬಾಯಿಗೆ ಹಾಕಿಕೊಂಡರು. ಹೊಟ್ಟು ನನ್ನ ಹಾಳೆಗಳ ಮೇಲೆ ಬಿತ್ತು. ಪಕ್ಕದಲ್ಲಿದ್ದ ಹೆಡ್ಮಾಸ್ತರರು ಮೆಲ್ಲಗೆ ತಮ್ಮ ಅಂಗೈ ಚಾಚಿದರು. ಹೊಳೆಯಲ್ಲಿದ್ದ ಸೈನಿಕರನ್ನು ಕೇಳುವವರೇ ಇಲ್ಲ.

“ಮಾಸ್ತರ, ಯಾ ಊರ ತೆನಿರಿ ಇದು?”

“ನೆಲೋಗೀದ್ರಿ ಸಾಹೇಬ್ರ.”

“ಅಬಾಬಾ, ಏನ್ ಸೀ ಅದರಿ ಕಾಳ!” ಸಾಹೇಬರು ಪೂರ್ತಿ ಎಚ್ಚರಾಗಿದ್ದರು. “ನರೋಣಾಕ್ಕ ಅರ್ಜಿ ಹಾಕಿದವ್ರು ನೀವೇ ಅಲ್ಲೇನು? ಇಂಥಾ ಊರು ಬಿಟ್ಟು ಹೋಗ್ತೇನಿ ಅಂತೀರಲ್ರಿ, ತಲಿ ಸುದ್ದ ಅದ ಇಲ್ಲೋ? ಇರ್ರಿ ಇನ್ನೊಂದೆರಡು ವರ್ಷ ಅಲ್ಲೇ. ಮುಂದಿನ ಸುಗ್ಗಿಗೆ ಇಂಥಾ ಎಳಿ ತೆನಿ ಸುಟ್ಟ ಸೀತನಿ ತಿನ್ನಾಕ ನಾನೇ ಬರ್ತೇನಿ. ಕೆಂಡದಾಗ ಹದವಾಗಿ ಸುಡಸ್ರಿ, ಹಚ್ಕೊಂಡು ತಿನ್ನಾಕ ಸೇಂಗಾ ಹಿಂಡಿನೂ ಇರ್ಲಿ.”

ಸಭೆ ಚಪ್ಪಾಳೆ ತಟ್ಟಿತು. ನಾನು “ಹೌದ್ರಿ ಸಾಹೇಬ್ರ” ಎಂದೆ. ಚಪ್ಪಾಳೆಯನ್ನೂ ತಟ್ಟಿದೆನೆಂದು ಶರಣಪ್ಪನವರು ಇಂದಿಗೂ ಸಾಧಿಸುತ್ತಾರೆ.

ಹೆಂಡತಿಗೆ ಕಾಗದ ಬರೆದೆ: ಹೆದರಿದ್ದು ಒಂದೂ ನಡೆಯಲಿಲ್ಲ, ಭಾಷಣ ಸುಸೂತ್ರವಾಯಿತು, ಸಾಹೇಬರು ಬಹಳ ಸಂತೋಷಪಟ್ಟರು. ತೆನೆ ಮಾತ್ರ ತುಸು ಹೆಚ್ಚೇ ರುಚಿಯಾಗಿತ್ತು.