ಹೋಗಿ ಬನ್ನಿ ಎಂಬ ನೋಟಿಸು

ನನ್ನ ಸೋದರಮಾವ ಯಾರನ್ನು ಬೇಕಾದರೂ ಎದುರಿಸಬಲ್ಲರು. 'ಹೋಗು' ಎಂಬ ಎರಡಕ್ಷರವನ್ನು ಮಾತ್ರ ಎದುರಿಸಲಾರರು! ಬಾಗಿಲಿಗೆ ಬಂದ ಸೇಲ್ಸ್‌ಮನ್ ಇರಲಿ, ಕಾಂಪೌಂಡಿಗೆ ನುಗ್ಗಿದ ಹಸು ಇರಲಿ, ಅವರ ಬಾಯಲ್ಲಿ ಬರುವುದು 'ಹೋಗಿ ಬನ್ನಿ' ಎಂದೇ. ಬರೀ 'ಹೋಗು' ಅಂದರೆ ಅಪಶಕುನವಂತೆ. ವಿಶ್ವವಿದ್ಯಾಲಯದಲ್ಲಿ ಓದಿದ ನಾನು ಇದನ್ನೆಲ್ಲ ನಂಬುವುದಿಲ್ಲ. ಹಸು ನಂಬಿತು, ದಿನಾ ಬಂತು.

ಇಂಥವರಿಗೆ ಬಾಡಿಗೆದಾರರಿಂದ ಮನೆ ಬಿಡಿಸುವ ಯೋಗ ಬರಬೇಕೆ?

ಜಯಲಕ್ಷ್ಮಿಪುರಂ ಮನೆಯ ಮಹಡಿಯಲ್ಲಿ ಮಾವ, ಅತ್ತೆ, ಕೆಳಗೆ ಬಾಡಿಗೆ. ಅತ್ತೆಯ ಮಂಡಿ ಕೈಕೊಟ್ಟಿತು. ತಾವೇ ನೆಟ್ಟ ದಾಸವಾಳವನ್ನು ಬಾಲ್ಕನಿಯಿಂದ ನೋಡುವುದಷ್ಟೇ ಉಳಿಯಿತು. ಬಾಡಿಗೆ ಕರಾರೂ ಮುಗಿದಿತ್ತು. "ಕೆಳಗಿನ ಮನೆ ಬಿಡಿಸಿಯೇ ತೀರ್ತೀನಿ" ಎಂದು ಶಪಥ ಮಾಡಿದ ಮಾವ ದಡದಡ ಇಳಿದುಹೋಗಿ ಬಾಡಿಗೆದಾರನಿಗೆ ಗಟ್ಟಿಯಾಗಿ ಹೇಳಿಯೇಬಿಟ್ಟರು: "ಇನ್ನು ನೀವು ಹೋಗ್ಬನ್ನಿ!"

ಆತ ಸಂಸಾರ ಸಮೇತ ಊರಿಗೆ ಹೋದ. ವಾರ ಬಿಟ್ಟು ಬೆಲ್ಲದ ಅಚ್ಚುಗಳೊಂದಿಗೆ ಹಾಜರು!

"ನೀವೇ ಹೋಗ್ಬನ್ನಿ ಅಂದ್ರಲ್ಲ ಸಾ! ಹೋದೆ, ಬಂದ್ಬುಟ್ಟೆ. ಇನ್ನೆಲ್ಲಿಗೂ ಹೋಗಕಿಲ್ಲ, ಬುಡಿ."

ವಕೀಲರು ದಾರಿ ಹೇಳಿದರು. "ನೀರು, ಕರೆಂಟು ಕಟ್ ಮಾಡೋ ಹಾಗಿಲ್ಲ, ಬೀಗ ಜಡಿಯೋ ಹಾಗಿಲ್ಲ. ಮೊದಲು ನೋಟಿಸು, ಬಿಡದಿದ್ರೆ ಕೋರ್ಟು."

ಕರಡು ಓದಿದ ಮಾವ ಗೋಗರೆದರು: "'ಖಾಲಿ ಮಾಡತಕ್ಕದ್ದು' ಆದ್ಮೇಲೆ 'ಹೋಗಿ ಬನ್ನಿ' ಅಂತ ಸೇರಿಸಿ ಸ್ವಾಮಿ."

"ಸೇರಿಸಿದ್ರೆ ಅದು ನೋಟಿಸಲ್ಲ, ಲಗ್ನಪತ್ರಿಕೆ ಆಗುತ್ತೆ ಕಣ್ರೀ!"

ನೋಟಿಸಿಗೆ ಆತ ಜಗ್ಗಲಿಲ್ಲ. ಮಾವನೂ ಜಗ್ಗಲಿಲ್ಲ, ಕೇಸು ಹಾಕಿದರು. ಒಂದು ವಾಯಿದೆಯನ್ನೂ ತಪ್ಪಿಸಲಿಲ್ಲ. ಕೋರ್ಟಿನ ಹೊರಗೆ ಎದುರಾಳಿಗೆ ಕಾಫಿ ಕುಡಿಸುವುದು, ಒಳಗೆ ಹೋಗಿ ಮನೆ ಕೇಳುವುದು! ರಾಜಿ ಮಾಡಿಕೊಳ್ಳಿ ಎಂದವರಿಗೆ ಒಂದೇ ಉತ್ತರ: "ಅವಳ ಮಂಡಿ ರಾಜಿಗೆ ಒಪ್ತಿಲ್ವಲ್ಲ!"

ಕೊನೆಗೂ ಆದೇಶ ಬಂತು. ಸಾಮಾನು ಹೊರಿಸಿದ ಬಾಡಿಗೆದಾರ ಗೇಟಿನಲ್ಲಿ ನಿಂತು "ಬತ್ತೀನಿ ಸಾ" ಎಂದ. ಮಾವನ ಮುಖ ಬಿಳಿಚಿತು!

ಅತ್ತೆಯನ್ನು ಇಳಿಸುವ ದಿನ ಒಂದು ಕಡೆ ಮಾವ, ಇನ್ನೊಂದು ಕಡೆ ನಾನು. ಮಹಡಿಯ ಹೊಸ್ತಿಲಲ್ಲಿ ಅತ್ತೆ ನಿಂತರು, ಬರಿದಾದ ಮನೆಗೆ ಕೈಮುಗಿದು "ಬರ್ತೀನಪ್ಪ" ಎಂದರು.

"ಬರೋದು ಬೇಡ ಕಣೇ." ಮಾವ ಅವರ ತೋಳನ್ನು ಬಿಗಿಯಾಗಿ ಹಿಡಿದರು. "ಈ ಮೆಟ್ಟಿಲು ಇನ್ನು ಹತ್ಬೇಡ. ಹೋಗು. ಬರೀ ಹೋಗು."

ದನಿ ನಡುಗಿತ್ತು. ನಡುಗಿತ್ತೇ, ಅಥವಾ ನಾನೇ ಆಮೇಲೆ ಸೇರಿಸಿಕೊಂಡೆನೇ? ನನ್ನ ನೆನಪನ್ನೂ ನಾನು ಪೂರ್ತಿ ನಂಬುವವನಲ್ಲ. ಆದರೆ ಅತ್ತೆ ಕೆಳಗಿಳಿದು, ದಾಸವಾಳವೊಂದನ್ನು ತಾವೇ ಕಿತ್ತು ಮಾವನ ಅಂಗೈಯಲ್ಲಿಟ್ಟಿದ್ದು ನಿಜ. ಅದನ್ನು ಕಣ್ಣಾರೆ ಕಂಡಿದ್ದೇನೆ.