ಕೋಳಿ ಪಾತ್ರೆಗೆ ಅನ್ನಶುದ್ಧಿ

ಮಡಿ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಓದಿದ್ದು ನಾಲ್ಕನೇ ಕ್ಲಾಸು, ಆದರೆ ಮಡಿಯಲ್ಲಿ ನಾನು ಎಂ.ಎ.! ಆದ್ದರಿಂದ ಇಂಗ್ಲಿಷರ ದೇಶದ ಎಜ್‌ವೇರಿನಲ್ಲಿ ನಮ್ಮ ಪಕ್ಕದ ಮನೆಯ ರೂತ್, "ಕಮಲಾ, ನಾವು ಯಹೂದಿಗಳು. ನಮ್ಮ ಊಟದ ಕಟ್ಟಳೆ ನಿನಗೆ ವಿಚಿತ್ರ ಅನ್ನಿಸಬಹುದು" ಅಂದಾಗ ನನಗೆ ನಗು ಬಂತು. ಅವಳ ಮನೆಯಲ್ಲಿ ಮಾಂಸದ ಪಾತ್ರೆಗೆ ಕೆಂಪು ಸ್ಟಿಕ್ಕರ್, ಹಾಲಿನ ಪಾತ್ರೆಗೆ ನೀಲಿ. ಹಾಲು, ಮಾಂಸ ಒಂದಕ್ಕೊಂದು ಸೋಕುವಂತಿಲ್ಲ. ತೊಳೆಯುವ ಸಿಂಕೂ ಎರಡು. ನೋಡುತ್ತಿದ್ದಂತೆ ನನ್ನ ಸತ್ತ ಅತ್ತೆಯೇ ಎದುರು ನಿಂತಂತಾಯಿತು.

ಇಸವಿ ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು. ಮಗ, ಸೊಸೆ ಸುಧಾ ಇಬ್ಬರೂ ಆಸ್ಪತ್ರೆಯಲ್ಲಿ ಡಾಕ್ಟರುಗಳು. ಫೆಬ್ರವರಿ ರಜೆಯಲ್ಲಿ ಮೊಮ್ಮಗಳು ಅನುವನ್ನೂ ನನ್ನನ್ನೂ ಕರೆದುಕೊಂಡು ಸ್ಕೀ ಮಾಡಲು ಫ್ರಾನ್ಸಿನ ಹಿಮದ ಬೆಟ್ಟಕ್ಕೆ ಹೊರಟರು. ಜಾರಿ ಬೀಳುವುದಕ್ಕೆ ವಿಮಾನ ಹತ್ತಬೇಕೆ? ನಮ್ಮ ಬಚ್ಚಲು ಸಾಲದೆ?

ಜೊತೆಗೆ ಬನ್ನಿ, ಒಂದೇ ಮನೆ ಹಿಡಿಯೋಣ ಅಂತ ಸುಧಾ ರೂತ್‌ಳನ್ನೂ ಅವಳ ಗಂಡ ಡೇವಿಡ್‌ರನ್ನೂ ಕರೆದಳು. ರೂತ್ ಹಿಂದೆಮುಂದೆ ನೋಡಿದಳು. ಊಟದ ಚಿಂತೆಯಿಂದಲೇ ಹನ್ನೊಂದು ವರ್ಷ ಅವರು ಎಲ್ಲಿಗೂ ಹೋಗಿರಲಿಲ್ಲ.

"ಈ ಸಲ ಸರಿಹೋದರೆ ವರ್ಷವರ್ಷವೂ ಹೋಗೋಣ. ಕೆಟ್ಟರೆ ಇದೇ ಕೊನೆ," ಅಂದಳು.

"ಅಡುಗೆಮನೆ ನನಗೆ ಬಿಡು," ಅಂದೆ. ಎದೆ ತಟ್ಟಿಕೊಂಡೇ ಅಂದೆ!

ಆ ಮನೆಯಲ್ಲಿ ನಾನು ಪೊಲೀಸಿನವಳಂತೆ ಕಾವಲು ನಿಂತೆ. ನಮ್ಮ ಪಾತ್ರೆಗಳಿಗೆ ಹಸಿರು ಸ್ಟಿಕ್ಕರ್ ಅಂಟಿಸಿದೆ. ನೀಲಿ ಚಮಚ ಹಿಡಿದು ಕೆಂಪು ಪಾತ್ರೆಯ ಪಕ್ಕ ಹಾದುಹೋದನೆಂದು ಮಗನಿಗೆ ಬೈದೆ. ಮನೆಯ ಒಡತಿ ಪ್ರೀತಿಯಿಂದ ಚೀಸ್ ತಂದರೆ ಬಾಗಿಲಲ್ಲೇ ತಡೆದೆ. ರೂತ್ ನನ್ನ ಕೈ ಹಿಡಿದು, "ನೀನಿದ್ದರೆ ನನಗೆ ನಿಶ್ಚಿಂತೆ" ಅಂದಳು. ಪಾಪ!

ಅವರ ವಾರದ ಪವಿತ್ರ ದಿನ ಶಬ್ಬಾತ್ ಶುಕ್ರವಾರ ಹೊತ್ತು ಮುಳುಗಿದಾಗ ಶುರು. ಶನಿವಾರ ಕತ್ತಲಾಗುವ ತನಕ ಬೇಯಿಸುವಂತಿಲ್ಲ, ಸ್ವಿಚ್ ಮುಟ್ಟುವಂತಿಲ್ಲ. ಅದಕ್ಕೇ ರೂತ್ ಮೊದಲೇ ಕಾಳು, ಬಾರ್ಲಿ, ಆಲೂಗಡ್ಡೆ, ಕೋಳಿ ಎಲ್ಲ ಕೆಂಪು ಸ್ಟಿಕ್ಕರಿನ ದೊಡ್ಡ ಪಾತ್ರೆಯಲ್ಲಿ ಬೇಯಿಸಿ ಹಾಟ್‌ಪ್ಲೇಟಿನ ಮೇಲೆ ಇಟ್ಟಳು. ಶನಿವಾರ ಮಧ್ಯಾಹ್ನದ ಬಿಸಿ ಊಟ ಅದೊಂದೇ. ಕೋಳಿ ಅವಳ ಪಾತ್ರೆಯಲ್ಲಿ ತಾನೆ? ಇರಲಿ, ನನ್ನದಕ್ಕೆ ಹಾರಿ ಬರುವುದಿಲ್ಲವಲ್ಲ.

ಬೆಳಗ್ಗೆ ಮಗ, ಸೊಸೆ, ಮೊಮ್ಮಗಳು ಬೆಟ್ಟದಿಂದ ಜಾರಲು ಹೋದರು. ರೂತ್, ಡೇವಿಡ್ ಹಿಮದಲ್ಲಿ ವಾಕಿಂಗ್ ಹೊರಟರು.

"ಏನೂ ಮಾಡಬೇಡ ಕಮಲಾ, ಸುಮ್ಮನೆ ನೋಡಿಕೊಂಡಿರು," ಅಂದಳು ರೂತ್.

ಸುಮ್ಮನೆ ನೋಡಿಕೊಂಡಿರುವುದು ನಮ್ಮ ವಂಶದಲ್ಲೇ ಇಲ್ಲ. ಮುಚ್ಚಳ ಸರಿಸಿ ನೋಡಿದೆ. ಹಬ್ಬದಂಥ ದಿನದ ಊಟ, ಒಂದು ಹನಿ ತುಪ್ಪವಿಲ್ಲ! ನಮ್ಮಲ್ಲಿ ಎಲೆಯ ಅನ್ನದ ಮೇಲೆ ಒಂದು ಮಿಳ್ಳೆ ತುಪ್ಪ ಬೀಳದೆ ಅನ್ನ ಶುದ್ಧವಾಗುವುದಿಲ್ಲ. ಅನ್ನಶುದ್ಧಿ ಅಂತಲೇ ಅದರ ಹೆಸರು. ಹಾಲು ಹಾಕಬಾರದು, ಸರಿ. ತುಪ್ಪಕ್ಕೇನು ಬಂತು? ನಮ್ಮ ಡಬ್ಬಿ ತಂದೆ. ಕೋಳಿಯನ್ನು ನೋಡಲಾರದೆ ಸೆರಗಿನಿಂದ ಮೂಗು ಮುಚ್ಚಿ, ಕಣ್ಣೂ ಮುಚ್ಚಿ, ಒಂದು ಗೇಣು ಮೇಲಿನಿಂದ ಸುರಿದೆ. ಕಣ್ಣು ಬಿಟ್ಟಾಗ ಅರ್ಧ ಡಬ್ಬಿ ಖಾಲಿ!

ಮಧ್ಯಾಹ್ನ ಎಲ್ಲರೂ ನಡುಗುತ್ತಾ ಬಂದರು. ಡೇವಿಡ್ ಮುಚ್ಚಳ ತೆಗೆದರು. ಅವರ ಮೂಗು ಅರಳಿತು.

"ಏನಿದು ಒಳ್ಳೆ ಪರಿಮಳ?"

ನನ್ನ ಇಂಗ್ಲಿಷೆಲ್ಲ ಹೊರಗೆ ಬಂತು. "ಘೀ! ಪ್ಯೂರ್! ಕೌ ಬಟರ್! ಐ ಮೇಕ್!"

ಇಷ್ಟು ಹುರುಪಿನಿಂದ ತಪ್ಪೊಪ್ಪಿಕೊಂಡ ಅಪರಾಧಿಯನ್ನು ಯಾವ ಕೋರ್ಟೂ ಕಂಡಿರಲಿಕ್ಕಿಲ್ಲ. ಡೇವಿಡ್ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು.

"ಓ ನೋ, ಅಜ್ಜಿ!" ಅಂದಳು ಅನು.

ಸುಧಾ ಹಣೆ ಚಚ್ಚಿಕೊಂಡಳು. "ಅತ್ತೆ, ತುಪ್ಪ ಎಲ್ಲಿಂದ ಬರತ್ತೆ?"

"ಬೆಣ್ಣೆ ಕಾಸಿದ್ರೆ."

"ಬೆಣ್ಣೆ?"

"ಮೊಸರು ಕಡೆದ್ರೆ."

"ಮೊಸರು?"

"ಹಾಲಿಗೆ..."

ಐವತ್ತು ವರ್ಷ ಹಾಲಿಗೆ ಹೆಪ್ಪು ಹಾಕಿದವಳಿಗೆ ಈ ಸಂಗತಿ ಹೊಳೆಯಲು ಫ್ರಾನ್ಸಿಗೆ ಬರಬೇಕಾಯಿತು!

"ಈಗಲೇ ಅನ್ನ ಇಡ್ತೀನಿ," ಅಂತ ಎದ್ದೆ.

"ನಮಗೋಸ್ಕರ ನೀನು ಬೇಯಿಸಿದರೂ ಇವತ್ತು ನಾವು ತಿನ್ನುವಂತಿಲ್ಲ," ಅಂದಳು ರೂತ್. ಸಿಟ್ಟಿನಿಂದ ಅಂದಿದ್ದರೆ ಚೆನ್ನಾಗಿತ್ತು. ಬಹಳ ಮೆತ್ತಗೆ ಅಂದಳು. ಹನ್ನೊಂದು ವರ್ಷದ ಮೇಲೆ ಸಿಕ್ಕ ರಜೆಯನ್ನು ನಾನು ತುಪ್ಪದಲ್ಲಿ ಮುಳುಗಿಸಿದ್ದೆ.

ಉಳಿದದ್ದು ಅವರ ಬ್ರೆಡ್ಡು, ಮತ್ತೆ ನಮ್ಮ ಹಸಿರು ಪಾತ್ರೆಯಲ್ಲಿದ್ದ ಕೋಸಂಬರಿ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಉಪ್ಪು. ಎಲ್ಲ ಹಸಿ. ಒಗ್ಗರಣೆ ಹಾಕಲು ಪುಣ್ಯಕ್ಕೆ ನನಗೆ ಮರೆತುಹೋಗಿತ್ತು.

ರೂತ್ ವಿಚಾರಣೆ ಶುರುಮಾಡಿದಳು. "ಇದರಲ್ಲಿ ತುಪ್ಪ?"

"ಇಲ್ಲ."

"ಬೆಣ್ಣೆ?"

"ದೇವರಾಣೆ ಇಲ್ಲ."

"ಹಾಕಬೇಕು ಅಂತ ಮನಸ್ಸಿನಲ್ಲಿ?"

"ಇತ್ತು. ಈಗ ಇಲ್ಲ."

ಡೇವಿಡ್ ಫಕ್ಕನೆ ನಕ್ಕರು. ಕೋಟು ಹಾಕಿಕೊಂಡೇ ಕೂತು ಮೂರು ಸಲ ಬಡಿಸಿಕೊಂಡರು. "ಇಷ್ಟು ತಣ್ಣನೆಯ ಊಟವನ್ನು ಇಷ್ಟು ಖುಷಿಯಾಗಿ ನಾನು ಎಂದೂ ಉಂಡಿಲ್ಲ. ರೂತ್, ಮುಂದಿನ ವರ್ಷವೂ ಬರೋಣ," ಅಂದರು.

ರೂತ್ ನನ್ನನ್ನು ನೋಡಿದಳು, ಪಾತ್ರೆಯನ್ನು ನೋಡಿದಳು. "ಬರೋಣ. ಆದರೆ ಒಂದು ಷರತ್ತು," ಅಂದಳು. ಷರತ್ತು ಏನೆಂದು ಮಾತ್ರ ಹೇಳಲಿಲ್ಲ. ಕ್ಷಮಿಸಿದಳಲ್ಲ ಅಂತ ನಾನು ಬೀಗಿದೆ.

ಭಾನುವಾರ ಬೆಳಗ್ಗೆ ಅವಳು ನನ್ನ ಅಳತೆಯ ಸ್ಕೀ ಬೂಟು ತಂದು ಮುಂದಿಟ್ಟಳು. ಸುಧಾ ನನ್ನ ಸೀರೆಯ ಮೇಲೆ ಪ್ಯಾಂಟು ಏರಿಸಿದಳು. ನಾಲ್ಕು ವರ್ಷದ ಮಕ್ಕಳು ಕಲಿಯುವ ಸಾಲಿನಲ್ಲಿ ನನ್ನನ್ನು ನಿಲ್ಲಿಸಿ ಇಬ್ಬರೂ ಹಿಂತಿರುಗಿ ನೋಡದೆ ಅಡುಗೆಮನೆಗೆ ಹೋದರು. ಅರವತ್ತೆಂಟರ ಮುದುಕಿ ಹಿಮದಲ್ಲಿ ಸೊಂಟ ಮುರಿದುಕೊಳ್ಳುವುದಕ್ಕಿಂತ ಅಡುಗೆಮನೆಯಲ್ಲಿ ನಿಲ್ಲುವುದೇ ಹೆಚ್ಚು ಅಪಾಯ ಅಂತ ಎರಡೂ ಮನೆಯವರು ಒಮ್ಮತದಿಂದ ತೀರ್ಮಾನಿಸಿದ್ದರು!