ಒಂದು ಶಾಲು, ಮೂವರು ಬಣ್ಣಗಾರರು

"ಬಣ್ಣ ಹಾಕುವವನ ಅಂಗಡಿಗೆ ಇನ್ನು ಮುಂದೆ ಈ ಮನೆಯಿಂದ ಯಾರೂ ಕಾಲಿಡಬೇಕಾಗಿಲ್ಲ! ಅಡುಗೆಮನೆಯಲ್ಲಿ ಅರಿಸಿನ ಇದೆ, ಒಲೆ ಇದೆ, ನಾನಿದ್ದೀನಿ. ಇನ್ನೇನು ಬೇಕು?"

ಭಾನುವಾರ ಬೆಳಗ್ಗೆ ನಾನು ಹೀಗೆ ಘೋಷಿಸಿದಾಗ ಹೆಂಡತಿ ತನ್ನ ಬಿಳಿ ರೇಷ್ಮೆ ಶಾಲನ್ನು ಎದೆಗೆ ಅವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

ಅವಳ ಭಯಕ್ಕೆ ಕಾರಣವಿತ್ತು. ವೃಂದಗಾನದ ತಂಡದಲ್ಲಿ ವರ್ಷಾನುಗಟ್ಟಲೆ ಹಿಂದಿನ ಸಾಲಿನಲ್ಲಿ, ಎತ್ತರದ ಇಬ್ಬರ ಬೆನ್ನಿಗೆ ಹಾಡಿದವಳು. ಅಂದು ಸಂಜೆ ಮೊದಲ ಬಾರಿ ಮುಂದೆ ನಿಂತು, ಒಬ್ಬಳೇ ಎರಡು ಚರಣ ಹಾಡಬೇಕಿತ್ತು. ಎಲ್ಲರೂ ಹಳದಿ ರೇಷ್ಮೆ ಶಾಲು ಹೊದೆಯಬೇಕೆಂದು ಹಾಡಿನ ಮೇಷ್ಟ್ರ ಅಪ್ಪಣೆ. ಹಳದಿ ಇಲ್ಲದವರು ಎಂದಿನಂತೆ ಹಿಂದಕ್ಕೆ! ಬಣ್ಣದ ಅಂಗಡಿಯವನೋ, "ಮುಂದಿನ ವಾರ ನೋಡೋಣ" ಎಂದು ಶಾಲನ್ನು ವಾಪಸು ಕಳಿಸಿದ್ದ.

"ನಿಮಗೆ ಬಟ್ಟೆಗೆ ಬಣ್ಣ ಹಾಕೋದು ಗೊತ್ತಾ?"

"ದಿನಾ ಊಟ ಮಾಡುವಾಗ ಅಂಗಿಗೆ ಹಾಕ್ಕೋತೀನಲ್ಲ. ಒಂದು ಕಲೆಯಾದರೂ ಹೋಗಿದೆಯಾ?"

"ಅದು ಬೇಕಂತ ಹಾಕ್ಕೊಂಡಿದ್ದಲ್ಲ."

"ಬೇಡ ಅಂದ್ರೂ ಅಷ್ಟು ಚೆನ್ನಾಗಿ ಹಿಡಿದಿದೆ. ಬೇಕಂತ ಹಾಕಿದ್ರೆ ಹೇಗಿರಬೇಡ!"

ಮಗಳ ಹಾಡು ಕೇಳಲೆಂದೇ ಬಂದಿದ್ದ ಅತ್ತೆಯವರು ಕುರ್ಚಿಯಿಂದ ಬೆಂಬಲ ಸೂಚಿಸಿದರು. "ಅಳಿಯಂದ್ರು ಮಾಡ್ತಾರೆ ಬಿಡೇ. ಹೋದ ಸಲ ಫ್ಯಾನು ರಿಪೇರಿ ಮಾಡಲಿಲ್ವಾ?"

"ಮಾಡಿದ್ರು. ಅದು ಈಗ ಅಟ್ಟದ ಮೇಲಿದೆ."

ಕೆಲಸವನ್ನು ನಾನು ಶಾಸ್ತ್ರೋಕ್ತವಾಗಿಯೇ ಮಾಡಿದೆ. ಅರಿಸಿನವನ್ನು ನೀರಲ್ಲಿ ಕುದಿಸಿ, ಪುಡಿ ಬಟ್ಟೆಗೆ ಅಂಟದಂತೆ ಸೋಸಿ, ಉಳಿದಿದ್ದ ವಿನೆಗರನ್ನೆಲ್ಲ ಸುರಿದೆ. ಕುದಿಯುವ ನೀರಿಗೆ ಬಿದ್ದರೆ ರೇಷ್ಮೆಯ ಹೊಳಪು ಹೋದೀತೆಂದು ಆರಲು ಬಿಟ್ಟು, ಬೆಚ್ಚಗಿನ ನೀರಿನಲ್ಲಿ ಶಾಲನ್ನು ಮುಳುಗಿಸಿ ಮರದ ಸೌಟಿನಿಂದ ಮೆಲ್ಲಗೆ ತಿರುವಿದೆ. ಎತ್ತಿದಾಗ, ಸೂರ್ಯನೇ ಮೋಡದ ಹಿಂದೆ ಮುಖ ಮುಚ್ಚಿಕೊಳ್ಳಬೇಕು, ಅಂಥ ಹಳದಿ! ಬಾಲ್ಕನಿಯ ತಂತಿಗೆ ಹರವಿ, ಮೊಣಕೈತನಕ ಹಳದಿಯಾದ ನಾನು ಸ್ನಾನಕ್ಕೆ ಹೋದೆ. ಅನರ್ಥ ಶುರುವಾದದ್ದು ಆಗಲೇ.

ಇದು ನನಗೆ ಆಮೇಲೆ ತಿಳಿದದ್ದು. ಹೆಂಡತಿ ಬಂದು ಶಾಲನ್ನು ಮೂಸಿದಳು. ಬಣ್ಣವೇನೋ ಬಂಗಾರ, ವಾಸನೆ ಮಾತ್ರ ಉಪ್ಪಿನಕಾಯಿ ಭರಣಿಯದು! ಇದನ್ನು ಹೊದ್ದು ಬಾಯಿ ತೆರೆದು ಹಾಡುವುದೆಂತು? ನನಗೆ ಹೇಳಿದರೆ ನೊಂದುಕೊಂಡೇನೆಂದು, ಗುಟ್ಟಾಗಿ ಬಟ್ಟೆ ಸೋಪಿನ ನೀರಲ್ಲಿ ಒಮ್ಮೆ ಅದ್ದಿದಳು. ಸೋಪು ಸೋಕಿದರೆ ಅರಿಸಿನ ಸುಮ್ಮನಿರುತ್ತದೆಯೇ? ಶಾಲು ರಕ್ತಗೆಂಪು! ಅವಳು ಅದನ್ನು ತಂತಿಗೆ ಎಸೆದು ಅಮ್ಮನನ್ನು ಕರೆಯಲು ಓಡಿದಳು.

ಅಷ್ಟರಲ್ಲಿ ನಾನು ಸ್ನಾನ ಮುಗಿಸಿ ಬಂದೆ. ನೋಡಿದೆ. ಮೈಮೇಲಿನ ನೀರು ಹಾಗೇ ಬೆವರಾಯಿತು. ಬಿಸಿಲಿಗೆ ಬಣ್ಣ ಕೆಟ್ಟಿತೆಂದೇ ತಿಳಿದೆ. ನನಗೆ ಗೊತ್ತಿದ್ದ ಔಷಧ ಒಂದೇ, ಹುಳಿ. ವಿನೆಗರ್ ಮುಗಿದಿತ್ತು, ಬುಟ್ಟಿಯಲ್ಲಿ ಮೂರು ನಿಂಬೆಹಣ್ಣಿದ್ದವು. ಒಂದನ್ನು ನೀರಿಗೆ ಹಿಂಡಿ ಶಾಲು ಅದ್ದಿದೆ. ಆಹಾ, ಹಳದಿ! ತಂತಿಗೆ ಹಾಕಿ, ಬೆಕ್ಕಿನ ಹೆಜ್ಜೆಯಲ್ಲಿ ಜಾರಿಕೊಂಡೆ.

"ನೋಡಮ್ಮ, ಹೇಗೆ ಕೆಂಪಾಗಿದೆ!" ಎನ್ನುತ್ತ ಹೆಂಡತಿ ಬಂದಳು.

"ಎಲ್ಲಿ ಕೆಂಪು? ಹಾಡೋ ಭಯ ನಿನ್ನ ಕಣ್ಣಿಗೆ ಬಂದಿದೆ. ಹೋಗಿ ಮಲಕ್ಕೋ."

ಅವಳು ಕಣ್ಣಿಗೆ ಒದ್ದೆಬಟ್ಟೆ ಇಟ್ಟುಕೊಂಡು ಮಲಗಿದಳು. ಅತ್ತೆಯವರು ಶಾಲನ್ನು ಮೂಸಿದರು. ತಾಯಿಯಂತೆ ಮಗಳು, ನೂಲಿನಂತೆ ಸೀರೆ! 'ಛೆ, ಹುಳಿ ವಾಸನೆ' ಎಂದು ಅವರೂ ಗುಟ್ಟಾಗಿ ಸೋಪಿನ ನೀರಲ್ಲಿ ಅದ್ದಿದರು. ಕೆಂಪು! ಬಾಯಿಗೆ ಸೆರಗು ಒತ್ತಿಕೊಂಡು ದೇವರ ಮುಂದೆ ಹೋಗಿ ಕೂತರು. ಯಾರಿಗೂ ಹೇಳಲಿಲ್ಲ.

ನಾನು ಮತ್ತೆ ಇಣುಕಿದೆ. ಕೆಂಪು! ಎರಡನೇ ನಿಂಬೆಹಣ್ಣು. ಹಳದಿ.

ಹೆಂಡತಿ ಎದ್ದು ಬಂದು ನೋಡಿದಳು. ಹಳದಿ. ಹಾಗಾದರೆ ಮೊದಲು ಕಂಡದ್ದು ನಿಜಕ್ಕೂ ಭ್ರಮೆಯೇ! ಸಮಾಧಾನವಾಯಿತು. ವಾಸನೆ ಮಾತ್ರ ಇನ್ನೂ ಇತ್ತು. ಮತ್ತೆ ಸೋಪು ಹಚ್ಚಿದಳು.

ಈ ಸಲದ ಚೀರಾಟಕ್ಕೆ ಮೂವರೂ ಬಚ್ಚಲಿನಲ್ಲಿ ಸೇರಿದೆವು. ಅವಳ ಒಂದು ಕೈಯಲ್ಲಿ ಕೆಂಪು ಶಾಲು, ಇನ್ನೊಂದರಲ್ಲಿ ಸೋಪು. ಹೊರಡಲು ಇನ್ನು ಹೆಚ್ಚು ಹೊತ್ತಿರಲಿಲ್ಲ.

"ಸೋಪು ಹಾಕಿದೆಯಾ!"

"ಒಂದ್ಸಲ... ಇಲ್ಲ, ಎರಡು ಸಲ."

"ಹಾಗಾದ್ರೆ ನಡುವಿನದು ಯಾರು?"

ಅತ್ತೆಯವರು ಗೋಡೆ ನೋಡಿದರು. "ಅಳಿಯಂದ್ರೇ, ತಪ್ಪಾಯ್ತು. ಹುಳಿ ನಾರ್ತಿತ್ತು, ಅದಕ್ಕೆ..."

"ಇರಲಿ, ಇನ್ನೂ ಒಂದು ನಿಂಬೆಹಣ್ಣಿದೆ!" ಎಂದು ಸೇನಾಪತಿಯಂತೆ ಅಡುಗೆಮನೆಗೆ ನುಗ್ಗಿದೆ. ಬುಟ್ಟಿ ಖಾಲಿ.

"ಅದಾ?" ಅತ್ತೆಯವರ ದನಿ ಬಾವಿಯೊಳಗಿಂದ ಬಂದಂತಿತ್ತು. "ಶಾಲು ಕೆಂಪಾಗಿದ್ದು ನೋಡಿ ಎದೆ ಹೊಡ್ಕೋತಿತ್ತು. ನೀರಿಗೆ ಹಿಂಡಿ ಕುಡಿದುಬಿಟ್ಟೆ."

ಹೆಂಡತಿ ಬಚ್ಚಲ ಹೊಸ್ತಿಲ ಮೇಲೆ ಕುಸಿದಳು. "ನಾನು ಹಿಂದಿನ ಸಾಲಿಗೇ ಸರಿ. ಅಲ್ಲಿ ಯಾವ ಬಣ್ಣ ಹೊದ್ದರೂ ಯಾರಿಗೂ ಕಾಣಲ್ಲ" ಎಂದಳು. ಅವಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ತಣ್ಣನೆಯ ಮಾತು ಕೇಳಿ ನನ್ನ ಕೈಕಾಲು ಆಡದಾಯಿತು.

ಆಡಿದ್ದು ಅತ್ತೆಯವರ ಕೈ. ನೇರ ಕಸದ ಡಬ್ಬಿಗೆ! ಹಿಂಡಿ ಎಸೆದಿದ್ದ ನಿಂಬೆಸಿಪ್ಪೆಗಳನ್ನೆಲ್ಲ ಹೆಕ್ಕಿ ತೊಳೆದು, "ಹಿಂಡಿ ಅಳಿಯಂದ್ರೇ, ಜೀವ ಹೋಗೋ ಹಾಗೆ ಹಿಂಡಿ!" ಎಂದರು. ಹಿಂಡಿದೆ. ಯಾರ ಜೀವ ಎಂದು ಕೇಳುವ ಧೈರ್ಯವಿರಲಿಲ್ಲ. ಶಾಲು ಅಂಗುಲ ಅಂಗುಲವಾಗಿ ಹಳದಿಗೆ ತಿರುಗಿತು. ಕೊನೆಗೆ ಒಂದು ಮೂಲೆ, ಅಂಗೈಯಗಲ, ಕೆಂಪಾಗಿಯೇ ಉಳಿಯಿತು. ಅದಕ್ಕೆ ಹುಳಿ ಸಾಲಲಿಲ್ಲ.

"ಒಳಕ್ಕೆ ಮಡಿಸಿ ಪಿನ್ನು ಹಾಕ್ತೀನಿ. ಕೈ ಎತ್ತಬೇಡ, ಬಗ್ಗಬೇಡ, ಬೆವರಬೇಡ" ಎಂದರು ಅತ್ತೆಯವರು.

"ಉಸಿರಾಡಬಹುದಾ?"

"ಹಾಡೋಕೆ ಎಷ್ಟು ಬೇಕೋ ಅಷ್ಟು."

ಒದ್ದೆ ಶಾಲಿಗೆ ಇಸ್ತ್ರಿ ಹಾಕಿ, ಆರಿಯೂ ಆರದ ಹಾಗೆ ಹೊದ್ದು ಅವಳು ವೇದಿಕೆ ಏರಿದಳು. ಮೇಷ್ಟ್ರು ಶಾಲನ್ನು ನೋಡಿ ತಲೆಯಾಡಿಸಿ, ಮುಂದೆ ನಿಲ್ಲುವಂತೆ ಕೈ ತೋರಿದರು. ನಾವಿಬ್ಬರೂ ಮೊದಲ ಸಾಲಿನಲ್ಲಿ. ಅವಳು ಬಾಯಿ ತೆರೆದಳು. ನನ್ನ ಕಣ್ಣು ಆ ಪಿನ್ನಿಗೆ ಅಂಟಿಕೊಂಡಿತು. ದನಿ ಏರಿದಂತೆ ಭುಜ ಏರಿತು, ಭುಜ ಏರಿದಂತೆ ಮಡಿಕೆ ಸಡಿಲವಾಯಿತು. ಎರಡನೇ ಚರಣದಲ್ಲಂತೂ ಕೆಂಪು ಮೂಲೆ ಈಗ ಜಾರೀತೋ, ಇನ್ನೊಂದು ಗಳಿಗೆಗೆ ಜಾರೀತೋ ಎಂದು ಕುರ್ಚಿಯ ಕೈಯನ್ನು ನಿಂಬೆಸಿಪ್ಪೆಯಂತೆ ಹಿಂಡುತ್ತಿದ್ದೆ. ಜಾರಲಿಲ್ಲ! ಚಪ್ಪಾಳೆಗೆ ಸಭಾಂಗಣ ಅದುರಿತು. ಪಕ್ಕದಲ್ಲಿ ಅತ್ತೆಯವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಹೆಂಡತಿ ಮೆಟ್ಟಿಲಿಳಿದು ನೇರ ನನ್ನ ಬಳಿ ಬಂದಳು. ಮುಖದಲ್ಲಿ ಸಿಟ್ಟಿನ ಸುಳಿವಿಲ್ಲ. ದಿನದ ಎಲ್ಲ ಅಪರಾಧಗಳಿಗೂ ಕ್ಷಮೆ ಸಿಕ್ಕಿತ್ತು.

"ರೀ, ನಿಜ ಹೇಳಿ. ಎರಡನೇ ಚರಣ ಅಷ್ಟು ಮೇಲಕ್ಕೆ ಹೋಯ್ತಲ್ಲ, ಹೇಗಿತ್ತು?"

ನಾನು ಎದೆಯುಬ್ಬಿಸಿ ಹೇಳಿದೆ, "ಅದ್ಭುತ! ಒಂದು ಚೂರೂ ಕೆಂಪು ಕಾಣಲಿಲ್ಲ!"

ಉತ್ತರ ಬಂದದ್ದು ಪಕ್ಕದ ಕುರ್ಚಿಯಿಂದ.

"ಹಾಡಿದ್ದು ನನ್ನ ಮಗಳು, ಅಳಿಯಂದ್ರೇ. ಶಾಲಲ್ಲ."